ಕೀಲಿಕೈ ಕೇಳಿದ ತಪ್ಪಿಗೆ

ಸಂಘದ ವಾರ್ಷಿಕ ಮಹಾಸಭೆಯಲ್ಲಿ ಅಂದು ಚಹಾ ಬರುವುದು ಸ್ವಲ್ಪ ತಡವಾಯಿತು. ಆದದ್ದಕ್ಕೆಲ್ಲ ಅದೊಂದೇ ಕಾರಣ. ಸುಮ್ಮನೆ ಕೂರಲಾರದೆ ಪಕ್ಕದವರನ್ನು ಮೆಲ್ಲಗೆ ಕೇಳಿದೆ: “ಆ ಮೂಲೆಯ ಪುಸ್ತಕದ ಕಪಾಟುಗಳ ಕೀಲಿಕೈ ಯಾರ ಹತ್ತಿರ ಉಂಟು?”

ಪಕ್ಕದಲ್ಲಿದ್ದವರು ಜೊತೆ ಕಾರ್ಯದರ್ಶಿ. ಅವರು ಉತ್ತರ ಕೊಡಲಿಲ್ಲ. ಎದ್ದು ಹೋಗಿ ವೇದಿಕೆಯ ಮೇಲಿದ್ದ ಕಾರ್ಯದರ್ಶಿಗಳ ಕಿವಿಯಲ್ಲಿ ಏನೋ ಹೇಳಿದರು. ಕಾರ್ಯದರ್ಶಿಗಳು ಮೈಕನ್ನು ಎರಡು ಸಲ ಕುಟ್ಟಿ, “ಗ್ರಂಥಾಲಯದ ವಿಷಯದಲ್ಲಿ ನಮ್ಮ ಮೇನೇಜರ್ರು ಬಹಳ ಕಳಕಳಿ ವ್ಯಕ್ತಪಡಿಸಿದ್ದಾರೆ” ಎಂದರು. ಸೂಚನೆ, ಅನುಮೋದನೆ, ಚಪ್ಪಾಳೆ, ಅದರ ಬೆನ್ನಿಗೇ ಚಹಾ. ಇನ್ನೆರಡು ನಿಮಿಷ ಮೊದಲು ಬಂದಿದ್ದರೆ ನಾನು ಇವತ್ತಿಗೂ ಸ್ವತಂತ್ರನಾಗಿರುತ್ತಿದ್ದೆ. ಅಂದ ಹಾಗೆ, ನಾನು ಮೇನೇಜರ್ ಆಗಿದ್ದವನಲ್ಲ. ಹೆಡ್ ಕ್ಯಾಶಿಯರ್ ಆಗಿ ನಿವೃತ್ತನಾದವನು. ಆದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದವರೆಲ್ಲ ಮೇನೇಜರ್ರೇ. ತಿದ್ದಲು ಹೋದರೆ ವಿನಯ ಎಂದುಕೊಳ್ಳುತ್ತಾರೆ.

ಕೀಲಿಕೈ ವಾಚ್‌ಮನ್ ಹತ್ತಿರ ಇತ್ತು. ಮೂರು ಕಪಾಟುಗಳಲ್ಲಿ ಎರಡೂವರೆಯ ತುಂಬ ಪುಸ್ತಕ. ಉಳಿದ ಅರ್ಧದಲ್ಲಿ ಅವನ ಛತ್ರಿ, ಮಳೆಗಾಲದ ಬೂಟು ಮತ್ತು ಊರಿನಿಂದ ತಂದ ಸಾಸಿವೆ ಎಣ್ಣೆಯ ಡಬ್ಬ. ವರ್ಷವಿಡೀ ನಮ್ಮ ಗ್ರಂಥಾಲಯವನ್ನು ತಪ್ಪದೆ ಬಳಸಿದ ಏಕೈಕ ವ್ಯಕ್ತಿ ಅವನೇ. ಮೊದಲ ದಿನವೇ ಅವನನ್ನು ಒಕ್ಕಲೆಬ್ಬಿಸುವುದು ಸರಿಯಲ್ಲವೆಂದು ಆ ಅರ್ಧ ಖಾನೆಯನ್ನು ಹಾಗೆಯೇ ಬಿಟ್ಟೆ. ಈಗಲೂ ಆ ಕಪಾಟಿನ ಐತಿಹಾಸಿಕ ಕಾದಂಬರಿಗಳಿಗೆ ಸಣ್ಣಗೆ ಸಾಸಿವೆ ಎಣ್ಣೆಯ ಘಮ ಉಂಟು.

ಗ್ರಂಥಾಲಯ ಎಂದರೆ ಬೇರೆ ಕೋಣೆ ಎಂದು ತಿಳಿಯಬೇಡಿ. ಇರುವುದೊಂದೇ ಸಭಾಗೃಹ. ಬೆಳಿಗ್ಗೆ ಯೋಗ, ಮಧ್ಯಾಹ್ನ ಹೊಲಿಗೆ ಕ್ಲಾಸು, ಮಂಗಳವಾರ ಭಜನೆ, ಶನಿವಾರ ಯಕ್ಷಗಾನದ ತರಬೇತಿ, ನಡುನಡುವೆ ಯಾರದಾದರೂ ಸೀಮಂತ. ಚೆಂಡೆಯ ಪೆಟ್ಟಿಗೆ ಮೇಲಿನ ಖಾನೆಯ ವಿಮರ್ಶಾ ಗ್ರಂಥಗಳ ಧೂಳು ತಾನಾಗಿ ಉದುರುತ್ತದೆ. ಆ ವಿಭಾಗವನ್ನು ಬೇರೆ ಯಾರೂ ಒರೆಸಿದ ದಾಖಲೆ ಇಲ್ಲ. ಸಮಿತಿಯಲ್ಲಿ ಒಬ್ಬರು ಎಸ್ಟೇಟ್ ಏಜೆಂಟರಿದ್ದಾರೆ. ಬಂದಾಗಲೆಲ್ಲ ಕಪಾಟುಗಳನ್ನು ಕಣ್ಣಿನಲ್ಲೇ ಅಳೆದು, ಕಾರ್ಪೆಟ್ ಏರಿಯಾ ಲೆಕ್ಕ ಹಾಕಿ, ನಿಟ್ಟುಸಿರು ಬಿಡುತ್ತಾರೆ. ಈ ಊರಿನಲ್ಲಿ ಒಂದು ಕಾದಂಬರಿಯ ಬೆಲೆಗಿಂತ ಅದು ನಿಂತಿರುವ ನೆಲದ ಬೆಲೆ ಹೆಚ್ಚು ಎಂಬುದು ಅವರ ವಾದ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಾದಂಬರಿಕಾರರಲ್ಲೂ ಇರಲಾರದು.

ಓದುಗರನ್ನು ಹುಡುಕುವುದೇ ಕಷ್ಟ, ಪುಸ್ತಕಗಳು ತಾವಾಗಿ ಬರುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಮೊದಲ ತಿಂಗಳಲ್ಲೇ ಫೋನು ಶುರುವಾಯಿತು. “ಅಂಕಲ್, ಪಪ್ಪನ ಪುಸ್ತಕ ಉಂಟು. ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗ್ತಾ ಇದೆ. ಭಾನುವಾರದೊಳಗೆ ತಗೊಂಡು ಹೋಗ್ತೀರಾ? ಇಲ್ಲದಿದ್ರೆ ರದ್ದಿಯವನನ್ನ ಕರೀಬೇಕಾಗ್ತದೆ.” ನಾವು ಗೋಣಿಚೀಲ ಹಿಡಿದು ಹೋಗುತ್ತೇವೆ. ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಾಳಿಗೆ. ಅಟ್ಟದಿಂದ ಇಳಿಸಿದ ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಹೆಸರು, ತಾರೀಕು, ಕೊಂಡ ಊರು. ಪುಟಗಳ ನಡುವೆ ಬೆಸ್ಟ್ ಬಸ್ಸಿನ ಟಿಕೇಟು, ಮಂತ್ರಾಕ್ಷತೆಯ ಪೊಟ್ಟಣ, ಡಾಕ್ಟರ ಚೀಟಿ. ಒಂದರಲ್ಲಿ ಇನ್‌ಲ್ಯಾಂಡ್ ಕಾಗದವಿತ್ತು. ಮಗನ ಕೈಗೆ ಕೊಟ್ಟೆ. ಅವನು ಅದನ್ನು ಹಿಂದೆಮುಂದೆ ತಿರುಗಿಸಿ, “ಅಂಕಲ್, ನನಗೆ ಕನ್ನಡ ಓದ್ಲಿಕ್ಕೆ ಬರೂದಿಲ್ಲ, ನೀವೇ ಓದಿ” ಎಂದ. ಬಾಣಂತನಕ್ಕೆ ಊರಿಗೆ ಹೋಗಿದ್ದ ಅವನ ಅಮ್ಮ ಬರೆದದ್ದು. ಮಗು ಚೆನ್ನಾಗಿದೆ, ಉಪ್ಪಿನಕಾಯಿ ಕಳಿಸಿದ್ದೇನೆ, ಭರಣಿಯನ್ನು ಮರೆಯದೆ ವಾಪಸು ತರಬೇಕು. ಆ ಮಗು ಇವನೇ, ಈಗ ತಲೆ ಅರ್ಧ ಬೋಳಾಗಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಟೂಲು ಹತ್ತಿ ಅಟ್ಟದ ಒಳಗೆ ಕೈಹಾಕಿ ತಡಕಾಡಿದ. ಭರಣಿ ಅಲ್ಲೇ ಇತ್ತು.

ಒಬ್ಬ ಓದುಗ ತೀರಿಕೊಂಡರೆ ನಮಗೆ ಇನ್ನೂರು ಪುಸ್ತಕ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರಲ್ಲ, ಅದರಲ್ಲಿ ಐದನೆಯದು, ಗ್ರಂಥಾಲಯ ಬೆಳೆಯುತ್ತಿರುವ ಜೀವಿ ಎಂಬುದು. ಬೆಳೆಯುತ್ತಿದೆ, ಇಲ್ಲವೆನ್ನುವಂತಿಲ್ಲ. ಆದರೆ ನಮ್ಮಲ್ಲಿ ಅದು ಬೆಳೆಯುವ ಕ್ರಮವನ್ನು ಕಂಡಿದ್ದರೆ ಅವರು ಆರನೆಯ ಸೂತ್ರವೊಂದನ್ನು ಬರೆಯುತ್ತಿದ್ದರೇನೋ.

ಅವರ ಮೂರನೆಯ ಸೂತ್ರ ಮಾತ್ರ ಅಕ್ಷರಶಃ ನಿಜವೆಂದು ನಾನು ಸಾಕ್ಷಿ ಹೇಳಬಲ್ಲೆ: ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಇರುತ್ತಾನೆ. ಒಬ್ಬ ಹಿರಿಯರು ಬಂದರು. ಔಷಧ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದವರು. “ಕಾಡು, ಹುಲಿ, ಬೇಟೆ ಇರುವಂಥದ್ದು ಕೊಡಿ” ಎಂದರು. ಪಟ್ಟಿಯಲ್ಲಿ ಬೆರಳಾಡಿಸಿ, ಯಶವಂತ ಚಿತ್ತಾಲರ ‘ಶಿಕಾರಿ’ ತೆಗೆದು ಕೊಟ್ಟೆ. ಆಗಿನ್ನೂ ನನಗೆ ಅನುಭವ ಸಾಲದು. ನಾಲ್ಕು ದಿನ ಬಿಟ್ಟು ಸಿಟ್ಟಿನಲ್ಲಿ ಬಂದರು. “ಎಂಥದು ಮಾರಾಯ್ರೆ ಇದು? ನೂರು ಪುಟವಾಯ್ತು, ಒಂದು ಹುಲಿ ಇಲ್ಲ, ಮೊಲ ಕೂಡ ಇಲ್ಲ. ಬರೀ ಆಫೀಸು!” 1979ರ ಆ ಕಾದಂಬರಿಯಲ್ಲಿ ಬೇಟೆ ನಡೆಯುವುದು ಇದೇ ಮುಂಬಯಿಯ ಕಂಪನಿ ಕಚೇರಿಯೊಳಗೆ, ಬೇಟೆಯಾಗುವವನು ನಾಗಪ್ಪ ಎಂಬ ನೌಕರ ಎಂದು ಟೀಚರು ನನ್ನ ಪರವಾಗಿ ವಿವರಿಸಿದರು. ಹಿರಿಯರು ಗೊಣಗುತ್ತ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡೇ ಹೋದರು. ಮುಂದಿನ ವಾರ ಬಂದವರು ಕುರ್ಚಿ ಎಳೆದು ನನ್ನ ಹತ್ತಿರ ಕೂತು, ದನಿ ತಗ್ಗಿಸಿ ಕೇಳಿದರು: “ಈ ಚಿತ್ತಾಲರು ನಮ್ಮ ಕಂಪನಿಯಲ್ಲಿ ಯಾವಾಗಲಾದರೂ ಇದ್ದರಾ? ನಮ್ಮ ಡೈರೆಕ್ಟರನನ್ನು ನೋಡದೆ ಇದನ್ನು ಬರೆಯಲು ಸಾಧ್ಯವೇ ಇಲ್ಲ.”

ಟೀಚರು ಎಂದೆನಲ್ಲ, ಅವರು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಮ್ಮ ಸ್ವಯಂಸೇವಕ ದಳದ ಬೆನ್ನೆಲುಬು. ಇನ್ನೊಬ್ಬಳು ಸಾಫ್ಟ್‌ವೇರ್ ಕಂಪನಿಯ ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಬಸ್ಸಿನಲ್ಲಿ ಮರಾಠಿ, ಜಗಳಕ್ಕೆ ಹಿಂದಿ. ಶನಿವಾರ ಬಂದು ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡುತ್ತಾಳೆ. “ಅಂಕಲ್, ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಅಂತ ನಂಬರ್ ಇದೆ ಗೊತ್ತಾ?” ಎಂದು ಸಂಭ್ರಮದಿಂದ ಹೇಳಿದಳು. ಪಂಪನಿಂದ ಹಿಡಿದು ಪತ್ತೇದಾರಿ ಕಾದಂಬರಿಯವರೆಗೆ ಎಲ್ಲರಿಗೂ ಒಂದೇ ಪಿನ್‌ಕೋಡು. ನಮ್ಮ ಬಾಂಧವರಿಗೆ ದಶಮಾಂಶ ಬಿಂದು ಒಗ್ಗದು ಎಂದು ಟೀಚರು ಬೇರೆ ವಿಂಗಡಣೆ ಮಾಡಿದರು: ಅಳಿಸುವುದು, ಹೆದರಿಸುವುದು, ದೇವರು, ಇತರೆ. ಇವತ್ತಿಗೂ ಯಾರೂ ದಾರಿ ತಪ್ಪಿಲ್ಲ.

ಆ ಹುಡುಗಿ ಕನ್ನಡ ಅಕ್ಷರ ಕಲಿತದ್ದೇ ಈ ಪಟ್ಟಿ ಮಾಡುತ್ತ ಮಾಡುತ್ತ. ಸರಳ ಅಕ್ಷರಗಳು ಬೇಗ ಬಂದವು. ಒತ್ತಕ್ಷರದ ಹತ್ತಿರ ಬಂದಾಗ, “ಅಂಕಲ್, ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ನಿಂತಿರೋದು ಯಾರು?” ಎಂದು ಕೇಳಿದಳು. ಅಂದಿನಿಂದ ನಮ್ಮಲ್ಲಿ ಒತ್ತಕ್ಷರಕ್ಕೆ ಅದೇ ಹೆಸರು. ‘ರಾಷ್ಟ್ರ’ ಎಂಬ ಪದ ಸಿಕ್ಕಿದ ದಿನ, “ಇಲ್ಲಿ ಎರಡು ಲೆವೆಲ್ ಪಾರ್ಕಿಂಗ್!” ಎಂದು ಕೂಗಿಕೊಂಡಳು.

ಓದುಗರು ನಮ್ಮ ಹತ್ತಿರ ಬಾರದಿದ್ದರೆ ನಾವೇ ಓದುಗರ ಹತ್ತಿರ ಹೋಗಬೇಕು ಎಂಬುದೂ ಅವಳದೇ ಉಪಾಯ. ಮುಂಬಯಿಯ ಮನುಷ್ಯ ಸಿಗುವುದು ಎರಡೇ ಕಡೆ, ರೈಲಿನಲ್ಲಿ ಮತ್ತು ರೈಲಿಗೆ ಓಡುವ ದಾರಿಯಲ್ಲಿ. ಹೀಗಾಗಿ ಒಂದು ಸಂಜೆ ಸ್ಟೇಷನ್ನಿನ ಹೊರಗೆ, ವಡಾಪಾವಿನ ಗಾಡಿಗೂ ಮೊಬೈಲ್ ಕವರ್ ಮಾರುವವನಿಗೂ ನಡುವೆ, ಸಂಘದ ಮಡಚುವ ಮೇಜು ಹಾಕಿ ಪುಸ್ತಕ ಜೋಡಿಸಿದೆವು. ‘ಉಚಿತವಾಗಿ ಒಯ್ಯಿರಿ, ಓದಿ ಮರಳಿಸಿ’ ಎಂದು ಮೂರು ಭಾಷೆಯಲ್ಲಿ ಬ್ಯಾನರು. ಒಬ್ಬ ನಿಂತು ಓದಿ, “ಫ್ರೀ? ಫಿರ್ ಕುಛ್ ಗಡಬಡ್ ಹೋಗಾ” ಎಂದು ಜೊತೆಯವನಿಗೆ ಹೇಳಿ ಮುಂದೆ ಹೋದ. ಇನ್ನೊಬ್ಬ ಫೋನ್ ರೀಚಾರ್ಜ್ ಕೇಳಿದ. ಮತ್ತೊಬ್ಬ ರೈಲ್ವೆ ಪರೀಕ್ಷೆಯ ಗೈಡ್ ಉಂಟೋ ಎಂದ. ಒಬ್ಬಾಕೆ ಮಾತ್ರ ನಿಂತು, ಬೆರಳಿನಿಂದ ಒಂದು ಹೊದಿಕೆಯ ಮೇಲಿನ ಅಕ್ಷರಗಳನ್ನು ಸವರಿ, “ನಮ್ಮಮ್ಮ ಇದನ್ನೆಲ್ಲ ಓದುತ್ತಿದ್ದಳು” ಎಂದು ಹೇಳಿ 6.42ರ ಲೋಕಲಿಗೆ ಓಡಿದಳು.

ಪಕ್ಕದಲ್ಲಿ ಕ್ಲಿಪ್ಪು, ರಬ್ಬರ್‌ಬ್ಯಾಂಡು ಮಾರುತ್ತಿದ್ದವನು ಬಹಳ ಹೊತ್ತಿನಿಂದ ನಮ್ಮ ಮೇಜನ್ನೇ ಕನಿಕರದಿಂದ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ, “ಕಾಕಾ, ಟೇಬಲ್ ನಹೀ. ಚಾದರ್” ಎಂದ. ಅವನ ಸರಂಜಾಮೆಲ್ಲ ಒಂದು ಚಾದರದ ಮೇಲೆ ಹರಡಿತ್ತು. ನಾಲ್ಕು ಮೂಲೆಗೂ ಹುರಿ. ಏಕೆಂದು ಕೇಳುವಷ್ಟರಲ್ಲಿ ಬೀದಿಯ ತುದಿಯಿಂದ ಒಂದು ಸೀಟಿ ಕೇಳಿತು. “ಗಾಡಿ ಆಯೀ!” ಕಣ್ಣು ಮಿಟುಕಿಸುವುದರೊಳಗೆ ಹುರಿ ಎಳೆದ, ಚಾದರ ಗಂಟಾಯಿತು, ಮನುಷ್ಯ ಮಾಯ. ವಡಾಪಾವಿನ ಗಾಡಿಗೆ ಚಕ್ರವಿತ್ತು, ಅದೂ ಮಾಯ. ಉಳಿದವರು ನಾವು, ಮೇಜು, ಮತ್ತು ಕನ್ನಡ ಸಾಹಿತ್ಯ. ಟೀಚರು ಸೆರಗು ಸಿಕ್ಕಿಸಿ ಬ್ಯಾನರನ್ನೇ ಹಾಸಿ ಪುಸ್ತಕ ಸುರಿದರು, ನಾನು ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡೆ, ಹುಡುಗಿ ಮೇಜನ್ನು ಎಳೆದುಕೊಂಡು ಮುಂದೆ ಓಡಿದಳು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂದು ಶಾಲೆಯಲ್ಲಿ ಕೇಳಿದಾಗ ಕಣ್ಣು ತುಂಬಿಬಂದಿತ್ತು. ಈಗ ಕುತ್ತಿಗೆ ಹಿಡಿದುಕೊಂಡಿತು. ಅದೂ ಅವರು ನಡೆಯುತ್ತಿದ್ದರು. ಓಡಬೇಕಾದ ಪ್ರಸಂಗ ಬಂದಿರಲಾರದು.

ಈಗ ನಮ್ಮ ಹತ್ತಿರವೂ ನಾಲ್ಕು ಮೂಲೆಗೆ ಹುರಿಯಿರುವ ಚಾದರ ಇದೆ. ಸೋಲಾಪುರದ್ದು.

ಇನ್ನು ನಮ್ಮ ದೊಡ್ಡ ಕಾರ್ಯಕ್ರಮದ ವಿಷಯ. ಅಬ್ದುಲ್ ಕಲಾಂ ಅವರ ಜನ್ಮದಿನವಾದ ಅಕ್ಟೋಬರ್ 15ನ್ನು ಮಹಾರಾಷ್ಟ್ರ ಸರಕಾರ 2015ರಿಂದ ‘ವಾಚನ ಪ್ರೇರಣಾ ದಿನ’ವೆಂದು ಆಚರಿಸುತ್ತ ಬಂದಿದೆ. ಮರಾಠಿಯಲ್ಲಿ ವಾಚನ ಎಂದರೆ ಓದು. 1898ರಲ್ಲೇ ಮುಂಬಯಿ ಮರಾಠಿ ಗ್ರಂಥಸಂಗ್ರಹಾಲಯ ಕಟ್ಟಿದ, ದೀಪಾವಳಿ ಬಂತೆಂದರೆ ವಿಶೇಷಾಂಕಗಳಿಗಾಗಿ ಲೈಬ್ರರಿಯಲ್ಲಿ ಸರದಿ ಹಚ್ಚುವ ಜನ ಮರಾಠಿಗರು. ಓದಿಗೊಂದು ದಿನ ಬೇಕೆಂದು ಅವರಿಗೆ ಅನಿಸಿದ ಮೇಲೆ ನಮಗಂತೂ ಒಂದು ವಾರವೇ ಬೇಕು. ಆದರೂ ಒಂದು ದಿನದಿಂದ ಆರಂಭಿಸೋಣವೆಂದು ನಿರ್ಣಯವಾಯಿತು. ಆಮಂತ್ರಣ ಬರೆದವನು ನಾನು. ವಾಟ್ಸಾಪಿನಲ್ಲಿ ಹರಿದಾಡಿತು, ಸ್ಟೇಷನ್ನಿನ ಹತ್ತಿರ ಬ್ಯಾನರೂ ಬಿತ್ತು. ಯಾರಿಗೂ ತಪ್ಪು ಕಾಣಲಿಲ್ಲ. ಓದುವ ಅಭ್ಯಾಸ ಬೆಳೆಸಲು ಹೊರಟವರು ಆಮಂತ್ರಣವನ್ನು ಮಾತ್ರ ಓದಿರಲಿಲ್ಲ.

ಆ ದಿನ ಮೂರೂವರೆಗೆಲ್ಲ ಸಭಾಗೃಹದ ಬಾಗಿಲಲ್ಲಿ ಚಪ್ಪಲಿಯ ರಾಶಿ. ಹಣೆಯಲ್ಲಿ ವಿಭೂತಿ, ಒಂದೇ ಬಣ್ಣದ ಸೀರೆ, ಕೈಯಲ್ಲಿ ತಾಳ; ಇಪ್ಪತ್ತೆರಡು ಮಂದಿ ಅಕ್ಕಂದಿರು. ಹಿಂದಿನಿಂದ ಇಬ್ಬರು ಗಂಡಸರು ಹಾರ್ಮೋನಿಯಂ ಎತ್ತಿಕೊಂಡು ಬಂದರು. ಎರಡು ಸ್ಟೇಷನ್ ಆಚೆಯ ಬಳಗ. ಅವರ ಮುಂದಾಳು ಅಜ್ಜಿ ನನ್ನ ಕೈ ಹಿಡಿದು, “ಭಾಳ ಚಲೋ ಕೆಲಸಾ ಮಾಡೀರಿ ನೋಡ್ರಿ. ಮುಂಬೈದಾಗ ವಚನಕ್ಕ ಪ್ರೇರಣಾ ಕೊಡಾವ್ರು ಯಾರದಾರ್ರಿ?” ಎಂದರು. ನಾನು ಬ್ಯಾನರಿನ ಕಡೆ ತಿರುಗಿ ನೋಡಿದೆ. ಮೂರು ಅಡಿ ಎತ್ತರದ ಅಕ್ಷರಗಳಲ್ಲಿ: ‘ವಚನ ಪ್ರೇರಣಾ ದಿನ’. ವ-ಕಾರಕ್ಕೆ ಕೊಡಬೇಕಿದ್ದ ದೀರ್ಘ ಎಲ್ಲೋ ಬಿದ್ದುಹೋಗಿತ್ತು.

ಅಧ್ಯಕ್ಷರು ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ಅವರು ಭಾಷಣ ಸಿದ್ಧಮಾಡಿಕೊಂಡು ಬಂದಿದ್ದರು. ಆ ಭಾಷಣ ಸದಾ 1878ರಿಂದಲೇ ಶುರುವಾಗುತ್ತದೆ. ತುಳುನಾಡಿನ ಕರಾವಳಿಯಿಂದ ಹೊಟ್ಟೆಪಾಡಿಗೆ ಬಂದ ಮೊಗವೀರರು ಆ ವರ್ಷ ಮುಂಬಯಿಯಲ್ಲಿ ಶ್ರೀಮದ್ಭಾರತ ಮಂಡಳಿ ಕಟ್ಟಿದ್ದು; ಒಬ್ಬರು ಪುರಾಣ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ದುಡಿದು ಬಂದವರು ಸುತ್ತ ಕೂತು ಕೇಳುವುದು. ಓದಲು ಬಾರದವನೂ ಓದುಗನಾಗಿದ್ದ ಕಾಲ ಎಂಬಲ್ಲಿಗೆ ಬಂದಾಗ ಅವರ ಗಂಟಲು ಪ್ರತಿಸಲವೂ ತುಂಬುತ್ತದೆ. ಈ ಸಲ ತುಂಬಲು ಅವಕಾಶವಾಗಲಿಲ್ಲ. ಹಾರ್ಮೋನಿಯಂ ಶ್ರುತಿ ಹಿಡಿದಾಗಿತ್ತು.

ಒಂದೂವರೆ ಗಂಟೆ ವಚನ ನಡೆಯಿತು. ಇಷ್ಟು ಜನ ನಮ್ಮ ಸಭಾಗೃಹದಲ್ಲಿ ಊಟವಿಲ್ಲದ ಕಾರ್ಯಕ್ರಮಕ್ಕೆ ಸೇರಿದ್ದನ್ನು ನಾನು ಕಂಡಿಲ್ಲ. ಕೆಳಗೆ ಹೋಗುತ್ತಿದ್ದವರು ದನಿ ಕೇಳಿ ಹತ್ತಿ ಬಂದರು. ಖಜಾಂಚಿ ಶೆಟ್ರು ಅರವತ್ತು ಮಂದಿಗೆಂದು ತಮ್ಮ ಹೋಟೆಲಿನಿಂದ ಕಳಿಸಿದ ಗೋಳಿಬಜೆ ನೂರಹತ್ತು ಮಂದಿಗೆ ಹಂಚಿಹೋಗಿ, ತಲೆಗೆ ಎರಡೂ ಬರಲಿಲ್ಲ. ಹೊರಡುವಾಗ ಆ ಅಜ್ಜಿ ಕಪಾಟಿನ ಮುಂದೆ ನಿಂತು, “ಇವೇನು ಸುಮ್ನ ಇಟ್ಟೀರೋ, ಓದಾಕ ಕೊಡ್ತೀರೋ?” ಎಂದು ಕೇಳಿ, ‘ಅಳಿಸುವುದು’ ವಿಭಾಗದಿಂದ ಹನ್ನೊಂದು ಪುಸ್ತಕಗಳನ್ನು ಬಳಗದ ಹೆಸರಿನಲ್ಲಿ ಒಯ್ದರು. ನಾವು ವರ್ಷಪೂರ್ತಿ ಕೊಟ್ಟದ್ದಕ್ಕಿಂತ ಅದು ಎರಡು ಹೆಚ್ಚು. ಅಧ್ಯಕ್ಷರು ಮುಂದಿನ ವರ್ಷವೂ ದೀರ್ಘ ಬೇಡ ಎಂದಿದ್ದಾರೆ.

ಅದರ ನಡುವೆ ಮಕ್ಕಳ ಕನ್ನಡ ಓದುವ ಸ್ಪರ್ಧೆಯೂ ನಡೆಯಿತು. ತಾಯಂದಿರು ಕನ್ನಡ ಪಾಠವನ್ನು ದೇವನಾಗರಿಯಲ್ಲಿ ಬರೆದುಕೊಟ್ಟಿದ್ದರು, ಮಕ್ಕಳು ನೋಡಿ ಓದಿದರು. ಇದು ಮೋಸ ಎಂದು ಒಬ್ಬರು ಆಕ್ಷೇಪಿಸಿದರು. ಆದರೆ ‘ಳ’ಕಾರ ಬಂದಾಗ ಆ ಮಕ್ಕಳ ನಾಲಗೆ ಮಡಚಿ ಮೇಲಕ್ಕೆ ಹೋದ ಚಂದವನ್ನು ನೀವು ಕೇಳಬೇಕಿತ್ತು. ಮರಾಠಿಯ ಪುಣ್ಯದಿಂದ ಅವರಿಗೆ ‘ಬಾಳೆಹಣ್ಣು’ ಎಂದೂ ಬಾಲೆಯಾಗುವುದಿಲ್ಲ. ‘ಜನ’ ಮಾತ್ರ ಸ್ವಲ್ಪ ‘ದ್ಝನ’ವಾಯಿತು. ಟೀಚರು ಎಲ್ಲರಿಗೂ ಮೊದಲ ಬಹುಮಾನ ಕೊಟ್ಟು, ಬಹುಮಾನವಾಗಿ ಅಕ್ಷರಮಾಲೆಯ ಪುಸ್ತಕ ಕೊಟ್ಟರು. ಅದನ್ನು ನೋಡಿ ಒಬ್ಬ ಹುಡುಗ ಅತ್ತ. ಪೆನ್ಸಿಲ್ ಬಾಕ್ಸ್ ಸಿಗುತ್ತದೆಂದು ಬಂದಿದ್ದನಂತೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ಓದಿ, ಓದಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ಆ ಒಂದು ವರ್ಷದಲ್ಲಿ ನಾನು ಒಂದೇ ಒಂದು ಪುಸ್ತಕ ಓದಲಿಲ್ಲ. ಸಮಯವೆಲ್ಲಿ? ಗೋಣಿಚೀಲ, ಬ್ಯಾನರು, ಸಭೆ, ಸಭೆಯ ವರದಿ. ಹಾಗೆ ನೋಡಿದರೆ ನಾನು ಮೊದಲಿನಿಂದಲೂ ಪುಸ್ತಕಗಳ ಹತ್ತಿರ ಇದ್ದವನೇ ಹೊರತು ಒಳಗೆ ಹೋದವನಲ್ಲ. ಫೋರ್ಟ್ ಶಾಖೆಯಲ್ಲಿದ್ದಾಗ ಕಾಳಾಘೋಡಾದ ಡೇವಿಡ್ ಸಸೂನ್ ಲೈಬ್ರರಿಯ ಸದಸ್ಯನಾಗಿದ್ದೆ. 1870ರ ಕಲ್ಲಿನ ಕಟ್ಟಡ. ಮೇಲಿನ ಜಗಲಿಯಲ್ಲಿ ಕಾಲು ಚಾಚಿ ಮಲಗುವಂಥ ಉದ್ದ ಕೈಗಳ ಆರಾಮಕುರ್ಚಿಗಳು. ಊಟದ ಬಿಡುವಿನಲ್ಲಿ ಹೋಗಿ, ಎದೆಯ ಮೇಲೆ ಒಂದು ಪುಸ್ತಕ ತೆರೆದಿಟ್ಟುಕೊಂಡು, ಇಪ್ಪತ್ತು ನಿಮಿಷ ನಿದ್ದೆ ಮಾಡಿ ಬರುತ್ತಿದ್ದೆ. ನನ್ನ ಅಕ್ಕಪಕ್ಕದ ವಕೀಲರೂ ಅದನ್ನೇ ಮಾಡುತ್ತಿದ್ದರು. ಮುಂಬಯಿಯಲ್ಲಿ ಮರ್ಯಾದಸ್ಥನೊಬ್ಬ ಹಗಲಲ್ಲಿ ನಿದ್ರಿಸಲು ಅದಕ್ಕಿಂತ ಗೌರವದ ಸ್ಥಳ ಇನ್ನೊಂದಿರಲಿಲ್ಲ.

ವರ್ಷದ ಕೊನೆಗೆ ಹಳೆಯ ರಿಜಿಸ್ಟರುಗಳನ್ನು ತಾಳೆ ನೋಡಲು ಕೂತೆ. ಕ್ಯಾಶಿಯರನ ಕೈಗೆ ಲೆಕ್ಕದ ಪುಸ್ತಕ ಸಿಕ್ಕಿದರೆ ಅದು ಓದಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ರಟ್ಟು ಕಿತ್ತುಬಂದ, ಕೆಂಪು ಗೆರೆಯ ಉದ್ದ ಪುಸ್ತಕ. ಹಿಂದಿನ ಪುಟದಲ್ಲಿ ನಿಯಮಾವಳಿ: ತಡವಾದರೆ ದಿನಕ್ಕೆ 5 ಪೈಸೆ ದಂಡ. 1974ರ ಜುಲೈ ತಿಂಗಳ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಆಗಷ್ಟೇ ಅಕ್ಷರ ಕಲಿತವನ ಕೈ. ಹೆಸರಿನ ಕೊನೆಯ ಅಕ್ಷರ ಜಾಗ ಸಾಲದೆ ಗೆರೆ ದಾಟಿ ಪಕ್ಕದ ಮನೆಗೆ ಹೋಗಿತ್ತು. ವಿಳಾಸದ ಖಾನೆಯಲ್ಲಿ ಒಂದು ಹೋಟೆಲಿನ ಹೆಸರು, ‘ವಾಪಸು’ ಎಂಬ ಖಾನೆ ಖಾಲಿ. ಹೆಸರು ನಮ್ಮ ಖಜಾಂಚಿ ಶೆಟ್ರದು.

ಲೆಕ್ಕ ಹಾಕಿದೆ. ಐವತ್ತು ವರ್ಷಕ್ಕೆ ಹದಿನೆಂಟು ಸಾವಿರದ ಇನ್ನೂರ ಅರವತ್ತಮೂರು ದಿನ, ಐದು ಪೈಸೆಯಂತೆ 913 ರೂಪಾಯಿ 15 ಪೈಸೆ. ಐದು ಪೈಸೆಯ ನಾಣ್ಯ ಈಗ ಇಲ್ಲ. ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ದಂಡ ಮಾತ್ರ ಮುಗಿಯಬೇಕೆಂದೇನಿಲ್ಲ. ಬಿಲ್ಲು ಬರೆದು, ತಮಾಷೆಗೆಂದು ಹೋಟೆಲಿಗೆ ಹೋಗಿ ಗಲ್ಲಾದ ಮೇಲಿಟ್ಟೆ.

ಶೆಟ್ರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗಲ್ಲಾದ ಕೆಳಗೆ ಬಗ್ಗಿ, ಗಣಪತಿಯ ಫೋಟೋದ ಹಿಂದಿನಿಂದ ಒಂದು ಪುಸ್ತಕ ತೆಗೆದರು. ಹಸಿರು ಕ್ಯಾಲಿಕೋ ಬೈಂಡು, ಬೆನ್ನ ಮೇಲೆ ನಮ್ಮ ಸಂಘದ ನಂಬರು. “ಕಪ್ಪು-ಬಶಿ ಎತ್ತುವ ಕೆಲಸ ಆಗ ನನ್ನದು. ರಾತ್ರಿ ಶಾಲೆ ಮುಗಿಸಿ ಬಂದು, ಮೇಜು ಜೋಡಿಸಿ ಮಲಗುವಾಗ ಓದುವುದು. ನೂರಾ ಹನ್ನೆರಡನೇ ಪುಟಕ್ಕೆ ಬಂದಿದ್ದೆ, ಮೇನೇಜರ್ ಬಲ್ಬು ತೆಗೆದು ಇಟ್ಟುಕೊಂಡ. ಕರೆಂಟು ಬಿಲ್ಲು ಹೆಚ್ಚು ಬರ್ತದೆ ಅಂತ.”

“ಆಮೇಲಾದರೂ ವಾಪಸು ಕೊಡಬಹುದಿತ್ತಲ್ಲ ಶೆಟ್ರೆ?”

“ಮುಗಿಸದೆ ಹೇಗೆ ಕೊಡೂದು ಮಾರಾಯ್ರೆ? ಅದು ಮೋಸ ಆಗ್ತದಲ್ಲ.” ಅವರ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. ಕಲ್ಯಾಣ, ಪುಣೆ, ಮತ್ತೆ ಮುಂಬಯಿ. ಮೂರು ಹೋಟೆಲು, ಒಂದು ಟ್ರಂಕು, ಅದರೊಳಗೆ ಈ ಪುಸ್ತಕ. ತನ್ನದೇ ಹೋಟೆಲಾಗಿ ತನ್ನದೇ ಬಲ್ಬು ಉರಿಯುವ ಹೊತ್ತಿಗೆ ಬಿಡುವಿಲ್ಲ. ಬಿಡುವಾಗುವ ಹೊತ್ತಿಗೆ ಕಣ್ಣಿಗೆ ಪೊರೆ, ಈ ಸಣ್ಣ ಅಕ್ಷರ ಹಿಡಿಯುವುದಿಲ್ಲ. ನೂರಾ ಹನ್ನೆರಡನೆಯ ಪುಟದಲ್ಲಿ ಗುರುತಿಗೆಂದು ಹೋಟೆಲಿನ ಬಿಲ್ಲು ಇಟ್ಟಿದ್ದರು: ಎರಡು ಇಡ್ಲಿ, ಒಂದು ಕಾಫಿ. “ಇರಲಿ, ನೀವು ಗ್ರಂಥಾಲಯದವರು, ಓದಿಯೇ ಇರ್ತೀರಿ. ಆ ಹುಡುಗಿ ಕಾಗದ ಕೊಟ್ಟಳಾ ಇಲ್ಲವಾ? ಅಷ್ಟು ಹೇಳಿಬಿಡಿ.”

“ಬಹಳ ಒಳ್ಳೆಯ ಕಾದಂಬರಿ ಶೆಟ್ರೆ,” ಎಂದೆ ನಾನು. “ಅದನ್ನು ಹೀಗೆ ಒಂದು ಮಾತಿನಲ್ಲಿ ಹೇಳಿ ಕೆಡಿಸಬಾರದು.”

ಮನೆಗೆ ಬಂದು ಪುಸ್ತಕ ತೆಗೆದೆ. ಅದನ್ನು ನನ್ನ ಹೆಸರಿಗೆ ಬರೆದುಕೊಂಡೆ ಎಂಬುದನ್ನೂ ಹೇಳಬೇಕು. ಐವತ್ತು ವರ್ಷಗಳ ಮೇಲೆ ಆ ಪುಸ್ತಕಕ್ಕೆ ಸಿಕ್ಕ ಎರಡನೆಯ ಓದುಗ ನಾನು. ಕಾದಂಬರಿಯ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಯಾರಾದರೂ ಓದಿದ್ದರೆ ಶೆಟ್ರಿಗೆ ಫೋನ್ ಮಾಡಿ ಕೊನೆ ಹೇಳಿಬಿಡುತ್ತೀರಿ.

ಮೊದಲ ರಾತ್ರಿ ಹನ್ನೊಂದೂವರೆಗೆ ಅವರೇ ಫೋನು ಮಾಡಿದರು. ಹಿಂದೆ ಶಟರು ಎಳೆಯುವ ಸದ್ದು. “ಎಷ್ಟನೇ ಪುಟ?” ನೂರಾ ಹದಿನಾಲ್ಕು ಎಂದೆ. “ನೂರಾ ಹದಿಮೂರರಲ್ಲಿ ಏನುಂಟು? ಹೇಳಬೇಡಿ, ಓದಿ.” ಓದಿದೆ. ಮರುದಿನವೂ ಅದೇ ಹೊತ್ತಿಗೆ ಫೋನು ಬಂತು. ಮೂರನೆಯ ದಿನದಿಂದ ನಾನೇ ಹನ್ನೊಂದೂಕಾಲಿಗೆ ಮುಖ ತೊಳೆದು, ನೀರು ಕುಡಿದು, ಕನ್ನಡಕ ಹಾಕಿ ಕೂರತೊಡಗಿದೆ. ನಾಲ್ಕನೆಯ ದಿನ ದನಿ ಪ್ರತಿಧ್ವನಿಸಿದಂತಾಯಿತು. ವಿಚಾರಿಸಿದರೆ ಶೆಟ್ರು ಫೋನನ್ನು ಸ್ಪೀಕರಿಗೆ ಹಾಕಿ ಗಲ್ಲಾದ ಮೇಲಿಟ್ಟಿದ್ದಾರೆ. ಕುಂದಾಪುರದ ಭಟ್ಟರು ನಾಳೆಯ ಹಿಟ್ಟು ಮುಚ್ಚಿಟ್ಟು ಬಂದು ಕೂತಿದ್ದಾರೆ. ಉಳಿದವರು ಈಗಿನ ಹಲವು ಉಡುಪಿ ಹೋಟೆಲುಗಳಲ್ಲಿ ಇರುವಂತೆ ಬಿಹಾರ, ಝಾರ್ಖಂಡದ ಹುಡುಗರು; ಅವರಿಗೆ ಕನ್ನಡ ಬಾರದು. ಹೀಗಾಗಿ ನಾನು ಒಂದು ಪ್ಯಾರಾ ಓದಿ ನಿಲ್ಲಿಸುತ್ತೇನೆ, ಶೆಟ್ರು ಬಂಬೈಯಾ ಹಿಂದಿಯಲ್ಲಿ ಅರ್ಥ ಹೇಳುತ್ತಾರೆ. ಅರ್ಥ ಮೂಲಕ್ಕಿಂತ ಉದ್ದ. ಮೂಲದಲ್ಲಿ ಸುಮ್ಮನೆ ಕಿಟಕಿಯ ಹತ್ತಿರ ನಿಂತ ನಾಯಕಿ ಶೆಟ್ರ ಪಾಠದಲ್ಲಿ ಅರ್ಧ ಪ್ಲೇಟು ಶೀರಾ ತಿನ್ನುತ್ತಾಳೆ. ಖಳನಾಯಕ ಜಮೀನ್ದಾರ, ಹಿಂದಿಯಲ್ಲಿ ಅವನು ಲೈಸೆನ್ಸ್ ಇನ್‌ಸ್ಪೆಕ್ಟರ್ ಆಗಿದ್ದಾನೆ.

ವಾರ್ಷಿಕ ವರದಿ ಬರೆಯುವ ಕಾಲ ಹತ್ತಿರ ಬಂದಿದೆ. ‘ಓದುಗರ ಸಂಖ್ಯೆ’ ಎಂಬ ಖಾನೆಯನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ. ಭಟ್ಟರನ್ನು ಸೇರಿಸಬಹುದು. ಮೋರಿಯಲ್ಲಿ ಪಾತ್ರೆ ತೊಳೆಯುವ ಹುಡುಗನನ್ನು ಯಾವ ಲೆಕ್ಕಕ್ಕೆ ಹಾಕುವುದೆಂದು ತಿಳಿಯದೆ ಟೀಚರನ್ನು ಕೇಳಿದ್ದೇನೆ, ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ನಿನ್ನೆ ರಾತ್ರಿ ಗಂಟಲು ಕಟ್ಟಿ, ಇನ್ನೂರ ಆರನೆಯ ಪುಟದ ನಡುವೆಯೇ ನಿಲ್ಲಿಸಿ, ಇವತ್ತಿಗೆ ಸಾಕು ಶೆಟ್ರೆ ಎಂದೆ. ಆ ಕಡೆ ನಳ ನಿಂತಿತು. ಪಾತ್ರೆಯ ಸದ್ದೂ ನಿಂತಿತು. ದೂರದಿಂದ ಒಂದು ಎಳೆಯ ದನಿ ಕೇಳಿತು:

“ಫಿರ್ ಕ್ಯಾ ಹುವಾ, ಸೇಠ್?”